ಹೊಸದಾಗಿ ಜೋಡಿಸಿದ ಕಂಪ್ಯೂಟರ್‌ನ ಮೊದಲ ಆನ್

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಈಗಲೇ ಹಾಕಬೇಡಿ. ಮದರ್‌ಬೋರ್ಡಿಗೆ ವಿದ್ಯುತ್ ಕೊಡುವ 24 ಪಿನ್ನಿನ ಕೇಬಲ್ ಜೊತೆಗೆ ಪ್ರೊಸೆಸರ್ ಪಕ್ಕದ 8 ಪಿನ್ನಿನದೂ ಕೂತಿದೆಯೇ ನೋಡಿ. ಎರಡನೆಯದು ಮರೆತರೆ ಫ್ಯಾನ್ ತಿರುಗಿದರೂ ಪರದೆ ಕಪ್ಪಗೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಿ, ಮದರ್‌ಬೋರ್ಡಿಗಲ್ಲ (ಎಡವುವವರೇ ಹೆಚ್ಚು).

ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಹಿಂದಿನ ಸ್ವಿಚ್ ಹಾಕಿ, ಪವರ್ ಬಟನ್ ಒತ್ತಿ.

ಡಿಡಿಆರ್5 ರ‍್ಯಾಮ್ ಆದರೆ ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು. ಗಾಬರಿಯಾಗಿ ಆಫ್ ಮಾಡಬೇಡಿ. ಹತ್ತು ನಿಮಿಷ ಕಳೆದರೂ ಬೋರ್ಡಿನ ಡಿರ‍್ಯಾಮ್ (ಮೆಮೊರಿ ಸೂಚಕ) ದೀಪ ಆರದಿದ್ದರೆ ಪವರ್ ತೆಗೆದು, ಒಂದೇ ರ‍್ಯಾಮ್ ಸ್ಟಿಕ್ಕನ್ನು ಮ್ಯಾನುಯಲ್‌ನಲ್ಲಿ ಹೇಳಿದ ಸ್ಲಾಟಿಗೆ ಟಕ್ ಎನ್ನುವವರೆಗೆ ಒತ್ತಿ.

ಬಯಾಸ್ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪರದೆ) ಬಂತೇ? ಪ್ರೊಸೆಸರ್ ಉಷ್ಣತೆ ನೋಡಿ. ಸರಸರನೆ 90 ಡಿಗ್ರಿಯತ್ತ ಏರಿದರೆ ತಕ್ಷಣ ಆಫ್ ಮಾಡಿ: ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಲಿಕ್ಕಿಲ್ಲ.