ಮಂತ್ರ ಮಾಮೂಲಾದ ಊರು: ಆಟಕ್ಕೊಂದು ಜಗತ್ತು ಕಟ್ಟುವುದು ಹೇಗೆ?

ರೋಲ್‌ಪ್ಲೇಯಿಂಗ್ ಆಟ ಎಂದರೇನು ಎಂದು ಕಾಸರಗೋಡಿನವರಿಗೆ ಹೇಳುವುದು ಸುಲಭ. ಅದು ದಾಳ ಹಾಕಿ ಆಡುವ ತಾಳಮದ್ದಳೆ. ಪ್ರಸಂಗದ ಹಂದರ ಒಬ್ಬರ ಕೈಯಲ್ಲಿರುತ್ತದೆ, ಪಾತ್ರ ವಹಿಸಿದವರು ಅರ್ಥವನ್ನು ಸ್ಥಳದಲ್ಲೇ ಹೇಳುತ್ತಾರೆ, ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಮೂಲ.

ಈ ಆಟದ ಜಗತ್ತುಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬೀದಿಗೊಬ್ಬ ಮಂತ್ರವಾದಿ ಇರುತ್ತಾನೆ, ಆದರೂ ಹೆಂಗಸರು ಬಾವಿಯಿಂದ ನೀರು ಸೇದುತ್ತಲೇ ಇರುತ್ತಾರೆ. ಸತ್ಯ ಹೇಳಿಸುವ ಮಂತ್ರ ಇದೆ, ನ್ಯಾಯಾಲಯಗಳು ಹಾಗೆಯೇ ಇವೆ. ಮಂತ್ರ ಅಷ್ಟು ಸಾಮಾನ್ಯವಾಗಿದ್ದರೆ ಊರಿನ ಬದುಕು ಹೇಗೆ ತಿರುಗುತ್ತಿತ್ತು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆ ಹಿಡಿದು ಆಟ ನಡೆಸುವವರು ತಮ್ಮದೇ ಊರೊಂದನ್ನು ಕಟ್ಟುವ ದಾರಿ ಇಲ್ಲಿದೆ. ಕೋಟೆ, ಹೋಟೆಲು, ಹಿಮದ ಬೆಟ್ಟ ಬೇಡ. ಬದಿಯಡ್ಕ, ಪೆರ್ಲದ ಆಸುಪಾಸಿನಂಥ ಒಂದು ಹಳ್ಳಿ ಸಾಕು. ಮಂತ್ರಗಳ ವಿವರಕ್ಕೆ ಆ ಆಟದ ಐದನೇ ಆವೃತ್ತಿಯ ನಿಯಮಗಳನ್ನು ಹಿಡಿದಿದ್ದೇನೆ.

ಹೆಜ್ಜೆ 1: ಊರು ಮೊದಲು, ಮಂತ್ರ ಆಮೇಲೆ

ಒಂದು ಹಾಳೆಯಲ್ಲಿ ಊರಿನ ಐದಾರು ಜಾಗಗಳನ್ನು ಬರೆಯಿರಿ: ಅಡಿಕೆ ತೋಟ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ಪಂಚಾಯತ್ ಕಚೇರಿ, ಸೊಸೈಟಿ, ದೈವಸ್ಥಾನ. ಆಮೇಲೆ ಮಂತ್ರಗಳ ಪಟ್ಟಿ ತೆರೆದು ಐದನ್ನು ಆರಿಸಿ. ಬೆಂಕಿಯುಂಡೆ ಎಸೆಯುವಂಥವು ಬೇಡ. ಅವು ಯುದ್ಧವನ್ನು ಬದಲಿಸುತ್ತವೆ, ಊರನ್ನಲ್ಲ. ಕಲಿಯಲು ಸುಲಭವಾದ, ದಿನಾ ಮಾಡಬಹುದಾದ ಸಣ್ಣ ಮಂತ್ರಗಳೇ ಇಲ್ಲಿ ಮುಖ್ಯ.

ಹೆಜ್ಜೆ 2: ಲೆಕ್ಕ ಹಾಕಿ

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಮಜಾ ಇರುವುದೇ ಇಲ್ಲಿ. ನೀರು ಸೃಷ್ಟಿಸುವ ಮಂತ್ರ ಒಂದು ಸಲಕ್ಕೆ 10 ಗ್ಯಾಲನ್ ಕೊಡುತ್ತದೆ, ಅಂದರೆ ಸುಮಾರು 38 ಲೀಟರ್. ಮೊದಲ ಲೆವೆಲ್ಲಿನ, ಅಂದರೆ ಆಗಷ್ಟೇ ಕಲಿತ, ಕ್ಲೆರಿಕ್ (ದೇವರ ಬಲದಿಂದ ಮಂತ್ರ ಮಾಡುವ ಪೂಜಾರಿ) ದಿನಕ್ಕೆ ಎರಡು ಸಲ ಮಾಡಬಲ್ಲ, 76 ಲೀಟರ್ ಆಯಿತು. ಒಂದು ಸಂಸಾರದ ಕುಡಿಯುವ, ಬೇಯಿಸುವ ನೀರಿಗೆ ಅದು ಧಾರಾಳ. ಆದರೆ ಹನಿ ನೀರಾವರಿಯಲ್ಲೇ ಬೇಸಿಗೆಗೆ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ಐನೂರು ಚಿಲ್ಲರೆ ಮರ ಎಂದು ಹಿಡಿದರೆ, ಒಂದು ಎಕರೆಯನ್ನು ಮಂತ್ರದ ನೀರಿನಲ್ಲಿ ಉಳಿಸಿಕೊಳ್ಳಲು ನೂರಕ್ಕೂ ಹೆಚ್ಚು ಕ್ಲೆರಿಕ್‌ಗಳು ತೋಟದಲ್ಲಿ ಸಾಲಾಗಿ ನಿಲ್ಲಬೇಕು. ಹಾಗಾಗಿ ನಿಮ್ಮ ಊರಿನಲ್ಲಿ ಕುಡಿಯುವ ನೀರಿನ ಬಾವಿಗೆ ಪಾಚಿ ಕಟ್ಟಬಹುದು, ತೋಟದ ಸುರಂಗ ಮಾತ್ರ ಉಳಿಯುತ್ತದೆ.

ಇನ್ನು ಪ್ಲ್ಯಾಂಟ್ ಗ್ರೋತ್ ಎಂಬ ಬೆಳೆ ಹೆಚ್ಚಿಸುವ ಮಂತ್ರ ನೋಡಿ. ಇದನ್ನು ಐದನೇ ಲೆವೆಲ್ಲಿನ ಡ್ರೂಯಿಡ್ (ಪ್ರಕೃತಿಯ ಬಲದಿಂದ ಮಂತ್ರ ಮಾಡುವವ) ಮಾಡಬಲ್ಲ. ಎಂಟು ಗಂಟೆ ಕೂತು ಮಾಡಿದರೆ ಅರ್ಧ ಮೈಲು ತ್ರಿಜ್ಯದ ವೃತ್ತದ ಒಳಗಿನ ನೆಲ ಒಂದು ವರ್ಷ ಇಮ್ಮಡಿ ಫಸಲು ಕೊಡುತ್ತದೆ. ಕೇಂದ್ರದಿಂದ ಎಲ್ಲ ದಿಕ್ಕಿಗೂ ಅರ್ಧ ಮೈಲು ಎಂದರೆ ಹತ್ತಿರ ಹತ್ತಿರ 500 ಎಕರೆ. ದಿನಕ್ಕೊಂದು ಜಾಗ ಮಾಡುತ್ತ ಹೋದರೆ, ಮಂಜೇಶ್ವರದಿಂದ ತ್ರಿಕರಿಪುರದವರೆಗೆ 1,992 ಚದರ ಕಿಲೋಮೀಟರಿನ ಇಡೀ ಕಾಸರಗೋಡು ಜಿಲ್ಲೆಗೆ ಮೂರು ಜನ ಡ್ರೂಯಿಡ್‌ಗಳು ಸಾಕು. ಮೂರೇ ಜನ! ನೂರು ಜನ ಸಣ್ಣ ಮಂತ್ರದವರು ಮಾಡಲಾಗದ್ದನ್ನು ಮೂವರು ಮಾಡುತ್ತಾರೆ. ಆ ಮೂವರು ಯಾರ ಮಾತು ಕೇಳುತ್ತಾರೆ, ಯಾರ ತೋಟಕ್ಕೆ ಮೊದಲು ಹೋಗುತ್ತಾರೆ ಎಂಬುದೇ ಆಮೇಲೆ ನಿಮ್ಮ ಜಗತ್ತಿನ ರಾಜಕೀಯ.

ಇಮ್ಮಡಿ ಬೆಳೆ ಬಂದರೆ ಎಲ್ಲರೂ ಶ್ರೀಮಂತರಾಗುತ್ತಾರೆಯೇ? ಅಡಿಕೆ ಬೆಳೆಗಾರರನ್ನು ಕೇಳಿ. 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಮೇಲೆಯೇ 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯವರು ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದು. ನಿಮ್ಮ ಜಗತ್ತಿನಲ್ಲೂ ಡ್ರೂಯಿಡ್ ಬಂದು ಹೋದ ಮೂರನೇ ವರ್ಷ ಅಂಥದೊಂದು ಸೊಸೈಟಿ ಹುಟ್ಟಲೇಬೇಕು. ಇನ್ನೊಂದು ತೊಡಕು: ನಿಯಮ ಹೇಳುವುದು ಇಮ್ಮಡಿ ‘ಆಹಾರ’ ಎಂದು. ಅಡಿಕೆ ಆಹಾರವೋ ಅಲ್ಲವೋ? ಇದನ್ನು ಆಟ ಶುರುವಾಗುವ ಮೊದಲೇ ತೀರ್ಮಾನಿಸಿಬಿಡಿ. ಇಲ್ಲದಿದ್ದರೆ ಊಟದ ಹೊತ್ತಾದರೂ ಜಗಳ ಮುಗಿಯುವುದಿಲ್ಲ.

ಮಂತ್ರದ ವೃತ್ತ ಬೇಲಿ ನೋಡಿ ನಿಲ್ಲುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಬೇಡವೆಂದ ನೆರೆಯವನ ಜಾಗಕ್ಕೂ ಅದು ತಾಗುತ್ತದೆ. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಲ್ಲೆಲ್ಲಿಗೆ ಹೋಯಿತು ಎಂದು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 3: ಹಳೆಯ ವಸ್ತುವಿನ ಎರಡನೇ ಕೆಲಸ ಹುಡುಕಿ

ನನ್ನ ಪ್ರಕಾರ ಊರು ನಿಜ ಅನ್ನಿಸುವುದು ಈ ಹೆಜ್ಜೆಯಿಂದ. ಮಂತ್ರ ಏನು ಮಾಡುತ್ತದೆ ಎಂದಷ್ಟೇ ಕೇಳಿ ನಿಲ್ಲಬೇಡಿ. ಅದು ಬಂದು ಮೂಲೆಗೆ ತಳ್ಳಿದ ಹಳೆಯ ವಸ್ತು ಸದ್ದಿಲ್ಲದೆ ಇನ್ನೇನು ಮಾಡುತ್ತಿತ್ತು ಎಂದು ಕೇಳಿ.

ಸುರಂಗವನ್ನೇ ತೆಗೆದುಕೊಳ್ಳಿ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತ, ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ದಾರಿಯಲ್ಲಿ ಕೆಲಸದವ ಗಿಡ್ಡ ಹಿಡಿಯ ಪಿಕ್ಕಾಸು ಹಿಡಿದು ಮುಂದೆ ಹೋಗುತ್ತಾನೆ. ಪಕ್ಕದ ಗೋಡೆಯಲ್ಲಿ ಒಂದು ಮೇಣದ ಬತ್ತಿ ಉರಿಯುತ್ತಿರುತ್ತದೆ. ಇಲ್ಲಿಗೆ ಲೈಟ್ ಮಂತ್ರ ತನ್ನಿ. ಕಲಿಯಲು ಅತಿ ಸುಲಭ, ಎಷ್ಟು ಸಲ ಬೇಕಾದರೂ ಮಾಡಬಹುದು, ಒಂದು ಕಲ್ಲಿಗೆ ಹಾಕಿದರೆ ಒಂದು ಗಂಟೆ ಸುತ್ತ 20 ಅಡಿ ಬೆಳಗುತ್ತದೆ. ಬತ್ತಿಗಿಂತ ಎಷ್ಟೋ ಮೇಲು. ಎಲ್ಲ ಸುರಂಗದವರೂ ಬತ್ತಿ ಬಿಡುತ್ತಾರೆ. ಆಮೇಲೆ ಒಳಗೆ ಹೋದವರು ಹೊರಗೆ ಬಾರದೆ ಇರುವ ಸುದ್ದಿಗಳು ಶುರುವಾಗುತ್ತವೆ. ಏಕೆಂದರೆ ಬತ್ತಿ ಬರೀ ಬೆಳಕಾಗಿರಲಿಲ್ಲ. ಅದು ಮಂಕಾದರೆ ಗಾಳಿ ಸಾಲದು, ಹೊರಗೆ ಓಡಬೇಕು ಎಂಬ ಸೂಚನೆಯಾಗಿತ್ತು. ಮಂತ್ರದ ಬೆಳಕಿಗೆ ಗಾಳಿ ಬೇಡ, ಅದು ಕೊನೆಯವರೆಗೂ ಝಗಝಗ ಬೆಳಗುತ್ತಲೇ ಇರುತ್ತದೆ.

ನಿಮ್ಮ ಆಟಗಾರರು ಆ ಸಾವುಗಳ ಹಿಂದೆ ಭೂತವನ್ನೋ ರಾಕ್ಷಸನನ್ನೋ ಹುಡುಕುತ್ತ ಹೋಗಲಿ. ನೀವು ಸುಮ್ಮನೆ ಕೂತಿರಿ.

ಇದೇ ಪ್ರಶ್ನೆಯನ್ನು ಅಡಿಕೆ ಮರಕ್ಕೆ ಕೇಳಿ. ಮೇಜ್ ಹ್ಯಾಂಡ್ ಎಂಬ ಮಂತ್ರದ ಕೈ 30 ಅಡಿ ದೂರ ಹೋಗುತ್ತದೆ, ನಾಲ್ಕೂವರೆ ಕಿಲೋ ಎತ್ತುತ್ತದೆ. ಹಳೆಯ ತೋಟದ ಎತ್ತರದ ಮರಕ್ಕೆ ಅದು ಎಟುಕುವುದಿಲ್ಲ, ಭಾರದ ಗೊನೆಯನ್ನು ಇಳಿಸುವುದೂ ಇಲ್ಲ. ಹಾಗಾದರೆ ಜನ ಮಂತ್ರಕ್ಕೆ ತಕ್ಕ ಮರ ಬೆಳೆಸುತ್ತಾರೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಹಿರೇಹಳ್ಳಿ ಗಿಡ್ಡ ತಳಿಯಿಂದ ಗಿಡ್ಡ ಸಂಕರ ತಳಿಗಳನ್ನು ಮಾಡಿದ್ದು ನಿಜ ಜಗತ್ತಿನ ಕತೆ. ನಿಮ್ಮ ಜಗತ್ತಿನಲ್ಲಿ ಗಿಡ್ಡ ಅಡಿಕೆ ಎಲ್ಲೆಲ್ಲೂ ಇರುತ್ತದೆ, ಎತ್ತರದ ಮರ ಹಳೆಯ ಮನೆತನದ ಗುರುತಾಗಿ ಉಳಿಯುತ್ತದೆ. ಮರ ಹತ್ತುವವ ಇಲ್ಲವಾದರೆ ಏನು ಹೋಯಿತು? ತಳೆ ಕಟ್ಟಿ ತುದಿಗೆ ಹೋದವನಿಗೆ ಕೊಳೆರೋಗ ಶುರುವಾದ ಗೊನೆ ಕಣ್ಣಿಗೇ ಕಾಣುತ್ತಿತ್ತು. ಕೆಳಗೆ ನಿಂತು ಮಂತ್ರದ ಕೈ ಕಳಿಸುವವನಿಗೆ ಅದು ಗೊತ್ತಾಗುವುದು ಕಾಯಿ ಉದುರಿದ ಮೇಲೆ.

ಹೆಜ್ಜೆ 4: ಯಾರ ಹತ್ತಿರ ಇದೆ, ಯಾರು ಕೊಡುತ್ತಾರೆ?

ಮರದಿಂದ ಬಿದ್ದು ಸತ್ತವನನ್ನು ಎಬ್ಬಿಸುವ ಮಂತ್ರವಿದೆ. ಸತ್ತ ಒಂದು ನಿಮಿಷದೊಳಗೆ ಮಾಡಬೇಕು, 300 ಚಿನ್ನದ ನಾಣ್ಯದ ವಜ್ರ ಸುಟ್ಟುಹೋಗುತ್ತದೆ. ಆಟದ ನಿಯಮದಲ್ಲಿ ಕಸುಬು ಗೊತ್ತಿರುವವನ ದಿನಗೂಲಿ ಎರಡು ಚಿನ್ನ, ಗೊತ್ತಿಲ್ಲದವನಿಗೆ ಎರಡು ಬೆಳ್ಳಿ. ಹತ್ತು ಬೆಳ್ಳಿಗೆ ಒಂದು ಚಿನ್ನ. ಆ ವಜ್ರ ಮರ ಹತ್ತುವವನ 150 ದಿನದ ಕೂಲಿ, ಬುಡದಲ್ಲಿ ಅಡಿಕೆ ಹೆಕ್ಕುವವಳ 1,500 ದಿನದ ಕೂಲಿ. ಮನೆಯ ಕಪಾಟಿನಲ್ಲಿ ವಜ್ರ ಇಟ್ಟುಕೊಂಡವರ ಮಕ್ಕಳು ಮಾತ್ರ ಎದ್ದು ಬರುತ್ತಾರೆ.

ಬೀಳುವವರನ್ನು ನಿಧಾನವಾಗಿ ಇಳಿಸುವ ಫೆದರ್ ಫಾಲ್‌ಗೆ ಮಾತ್ರ ಒಂದು ಪುಕ್ಕ ಸಾಕು. 60 ಅಡಿಯವರೆಗೆ ಕೆಲಸ ಮಾಡುತ್ತದೆ. ಆದರೆ ಮಂತ್ರದವ ಬುಡದಲ್ಲೇ ನಿಂತು ನೋಡುತ್ತಿರಬೇಕು, ಅವನ ಕೂಲಿಯನ್ನು ಯಾರಾದರೂ ಕೊಡಬೇಕು. ಇಲ್ಲೇ ನಿಮಗೆ ಒಂದು ದೃಶ್ಯ ಸಿಕ್ಕಿತು:

“ಮಂತ್ರದವ ಬಾರದೆ ನಾನು ಮರ ಹತ್ತುದಿಲ್ಲ ಭಟ್ರೇ.”

“ನಿನ್ನ ಅಪ್ಪ ಹತ್ತಲಿಲ್ವಾ ಮಾರಾಯ, ಮಂತ್ರ ಗಿಂತ್ರ ಇಲ್ಲದೆ?”

“ಹತ್ತಿದ್ರು. ಬಿದ್ದದ್ದೂ ನಿಮ್ಮ ತೋಟದಲ್ಲೇ ಅಲ್ವಾ.”

ಹೆಜ್ಜೆ 5: ಭಾಷೆ

ಏಳೆಂಟು ಭಾಷೆ ಕಿವಿಗೆ ಬೀಳುವ ಜಿಲ್ಲೆಯಲ್ಲಿ ಯಾವ ಭಾಷೆಯನ್ನಾದರೂ ಒಂದು ಗಂಟೆ ಅರ್ಥ ಮಾಡಿಸುವ ಮಂತ್ರ ವರದಾನ ಅನ್ನಿಸುತ್ತದೆ. ನಿಯಮವನ್ನು ನಿಧಾನ ಓದಿ. ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ. ಬರಹವಾದರೆ ಮುಟ್ಟಬೇಕು, ಪುಟಕ್ಕೆ ಸುಮಾರು ಒಂದು ನಿಮಿಷ ಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಕನ್ನಡದಲ್ಲಿ ಅರ್ಜಿ ನಮೂನೆ, ಕನ್ನಡ ಬಲ್ಲ ಸಿಬ್ಬಂದಿ, ಕನ್ನಡ ಶಾಲೆ ಎಂದು ಕೇಳುತ್ತಲೇ ಬಂದ ಜನ ನಾವು. ಮಂತ್ರ ಇರುವ ಕಾಸರಗೋಡನ್ನು ಊಹಿಸಿ. ಕಚೇರಿಯವರು ಏನು ಹೇಳುತ್ತಾರೆ? “ಮಂತ್ರ ಇದೆಯಲ್ಲ, ಓದಿಕೊಳ್ಳಿ.” ಅದನ್ನು ಮಾಡಿಸಬೇಕಾದ್ದು ಅರ್ಜಿದಾರ, ಅಧಿಕಾರಿಯಲ್ಲ. ಅರ್ಜಿ ಯಾಕೆ ತಿರಸ್ಕಾರವಾಯಿತು ಎಂದು ಆ ಅಜ್ಜನಿಗೆ ಅಕ್ಷರಕ್ಷರ ಅರ್ಥವಾಗುತ್ತದೆ, ತಿರುಗಿ ವಾದಿಸಲು ಬಾಯಿ ಇಲ್ಲ. ಕನ್ನಡದ ನಮೂನೆ ಮಾಡುತ್ತಿದ್ದ ಎರಡನೇ ಕೆಲಸ ಇದೇ: ಅದು ಇದ್ದಲ್ಲಿ ಕನ್ನಡದಲ್ಲಿ ಉತ್ತರ ಕೇಳಿಸಿಕೊಳ್ಳುವ ಒಬ್ಬರು ಕುರ್ಚಿಯಲ್ಲಿ ಇರಲೇಬೇಕಾಗುತ್ತಿತ್ತು. ಯುದ್ಧಕ್ಕಿಂತ ಇಂಥ ಸಂಕಟದಲ್ಲಿ ಆಟ ಹೆಚ್ಚು ಕಾವೇರುತ್ತದೆ. ಮಂತ್ರ ಹೇಳಲೊಪ್ಪದೆ ಕಚೇರಿಯ ಮುಂದೆ ಧರಣಿ ಕೂತವರ ಗುಂಪೊಂದನ್ನು ಸೇರಿಸಿ ನೋಡಿ.

ಹೆಜ್ಜೆ 6: ಸತ್ಯ

ಸತ್ಯ ಹೇಳಿಸುವ ಮಂತ್ರ, ಝೋನ್ ಆಫ್ ಟ್ರುತ್, ಹತ್ತು ನಿಮಿಷ ಇರುತ್ತದೆ. ಅದಕ್ಕೆ ಸಿಕ್ಕಿಕೊಂಡವ ಸುಳ್ಳು ಹೇಳಲಾರ, ಆದರೆ ಬಾಯಿ ಮುಚ್ಚಿ ಕೂರಬಹುದು. ಒಂದು ಕಿವಿಮಾತು: ಇದನ್ನು ದೈವದ ನುಡಿಗೆ ಬದಲಾಗಿ ಇಡಬೇಡಿ, ಎರಡನ್ನೂ ಬೇರೆ ಬೇರೆ ಉಳಿಸಿ. ಕಾನತ್ತೂರಿನ ನಾಲ್ವರ್ ದೈವಗಳ ಎದುರು ತಕರಾರು ಒಯ್ಯುತ್ತೇನೆ ಎಂದು ಹೇಳುವುದಕ್ಕೂ ನಿಜವಾಗಿ ಹೋಗುವುದಕ್ಕೂ ನಡುವೆ ದಿನಗಳು ಸಿಗುತ್ತವೆ. ಹಿರಿಯರು ನಡುವೆ ಬಂದು ಮಾತಾಡುವುದು, ಸಾಲ ತೀರಿಸುವುದು, ಕದ್ದ ಒಡವೆ ಜಗಲಿಗೆ ತಾನಾಗಿ ಬಂದು ಬೀಳುವುದು ಆ ದಿನಗಳಲ್ಲೇ. ಹತ್ತು ನಿಮಿಷದ ಮಂತ್ರದಲ್ಲಿ ಆ ಸಮಯ ಇಲ್ಲ. ಸತ್ಯ ಹೊರಬಿತ್ತು, ಅಣ್ಣ ತಮ್ಮಂದಿರು ಮಾತು ಬಿಟ್ಟರು. ಸುಳ್ಳು ಹೇಳದೆಯೇ ಉತ್ತರ ತಪ್ಪಿಸಲು ಕಲಿಸುವ ವಕೀಲರಿಗೆ ಒಳ್ಳೆ ದುಡ್ಡು.

ಹೆಜ್ಜೆ 7: ಆಟಕ್ಕೆ ಇಳಿಸಿ

ಇಷ್ಟನ್ನೂ ಆಟಗಾರರಿಗೆ ಭಾಷಣವಾಗಿ ಹೇಳಬೇಡಿ. ಒಬ್ಬೊಬ್ಬರಿಗೆ ಊರಿನ ಒಂದೊಂದು ಕೆಲಸ ಹಂಚಿ: ಸುರಂಗದವನ ಮಗಳು, ಸೊಸೈಟಿಯ ಗುಮಾಸ್ತ, ಮೊದಲ ಲೆವೆಲ್ಲಿನ ಕ್ಲೆರಿಕ್, ವಕೀಲ. ಮೊದಲ ದಿನದ ಆಟ ಹೀಗೆ ಶುರುವಾಗಲಿ: ಮೂವರು ಡ್ರೂಯಿಡ್‌ಗಳಲ್ಲಿ ಒಬ್ಬ ತೀರಿಕೊಂಡಿದ್ದಾನೆ, ಈ ವರ್ಷ ಜಿಲ್ಲೆಯ ಮೂರರಲ್ಲಿ ಒಂದು ಭಾಗಕ್ಕೆ ಮಂತ್ರ ಇಲ್ಲ. ಯಾವ ಭಾಗ ಎಂದು ಗೊತ್ತುಮಾಡುವ ಸಭೆ ನಾಳೆ ಬೆಳಿಗ್ಗೆ ಹತ್ತಕ್ಕೆ. ನೋಟೀಸು ಬಂದಿರುವುದು ಮಲಯಾಳದಲ್ಲಿ. ಭಾಷೆಯ ಮಂತ್ರ ಬಲ್ಲ ಊರಿನ ಒಬ್ಬನೇ ವಿಝಾರ್ಡ್, ಅಂದರೆ ಮಂತ್ರವಾದಿ, ಭಟ್ರ ತೋಟದಲ್ಲಿ ಮರದ ಬುಡ ಬಿಟ್ಟು ಬರುವ ಹಾಗಿಲ್ಲ.