ಟಿಎನ್‌ಎಫ್-ಆಲ್ಫಾ ವಯಲ್‌ನಿಂದ ಜೀವಕೋಶದವರೆಗೆ: ನನ್ನ ಅನುಭವ

ಮೈಸೂರು ವೀಳ್ಯದೆಲೆಯ ಸಾರಕ್ಕೆ ಉರಿಯೂತವನ್ನು ತಗ್ಗಿಸುವ ಗುಣವಿದೆಯೇ ಎಂದು ಜೀವಕೋಶಗಳಲ್ಲಿ ಪರೀಕ್ಷಿಸಬೇಕಾದರೆ, ಮೊದಲು ಆ ಉರಿಯೂತದ ಪ್ರಚೋದನೆಯನ್ನು ನಾವೇ ಅಳತೆ ತಪ್ಪದಂತೆ ಕೊಡಬೇಕಾಗುತ್ತದೆ. ಇದಕ್ಕಾಗಿ ಮೈಸೂರಿನ ನಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡದ್ದು ಟಿಎನ್‌ಎಫ್-ಆಲ್ಫಾ ಎಂಬ ಮಾನವ ಪ್ರೋಟೀನು. ಕ್ಯಾನ್ಸರ್ ಗೆಡ್ಡೆಗಳನ್ನು ಸಾಯಿಸುವ ಅಂಶವೆಂದು (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಅಂದರೆ ಟಿಎನ್‌ಎಫ್) 1975ರಲ್ಲಿ ಹೆಸರು ಪಡೆದ ಇದರ ಮಾನವ ಜೀನನ್ನು 1984ರಲ್ಲಿ ಬೇರ್ಪಡಿಸಿ, ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಪ್ರೋಟೀನು ತಯಾರಿಸುವುದು ಸಾಧ್ಯವಾಯಿತು. 157 ಅಮೈನೋ ಆಮ್ಲಗಳ, ತಲಾ ಸುಮಾರು 17 ಕಿಲೋಡಾಲ್ಟನ್ ತೂಕದ ಮೂರು ಸರಪಳಿಗಳು ಒಂದಾಗಿ ಕೂಡಿಕೊಂಡಾಗಲೇ ಅದು ಕೆಲಸ ಮಾಡುವುದರಿಂದ, ಆ ಕೂಡಿಕೆ ಕೆಡದಂತೆ ನೋಡಿಕೊಳ್ಳುವುದೇ ನಮ್ಮ ಮೊದಲ ಹೊಣೆ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೊರಿಯರ್ ಒಂದು ದಿನ ತಡವಾದರೂ ದ್ರವರೂಪದ ಪ್ರೋಟೀನಿನ ಬಗ್ಗೆ ಭರವಸೆ ಉಳಿಯುವುದಿಲ್ಲ. ಆದ್ದರಿಂದ ನಾನು ಹೆಪ್ಪುಗಟ್ಟಿಸಿ ಒಣಗಿಸಿದ ರೂಪವನ್ನೇ ತರಿಸುತ್ತೇನೆ. 10 ಮೈಕ್ರೋಗ್ರಾಂ ಪ್ರೋಟೀನು ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ಪ್ರೋಟೀನು ಬಂದ ಪುಟ್ಟ ಗಾಜಿನ ಸೀಸೆಯನ್ನು, ಅಂದರೆ ವಯಲನ್ನು, ಬೆಳಕಿಗೆ ಹಿಡಿದು, “ಮೇಡಂ, ಇದರೊಳಗೆ ಏನೂ ಇಲ್ಲವಲ್ಲ” ಎಂದು ಗಾಬರಿಯಾಗಿದ್ದಳು. ಗಾಜಿನ ಗೋಡೆಗೂ ಮುಚ್ಚಳದ ಒಳಬದಿಗೂ ತೆಳುವಾದ ಪೊರೆಯಂತೆ ಅದು ಅಂಟಿಕೊಂಡಿರುತ್ತದೆ. ಹಾಗಾಗಿ ಮುಚ್ಚಳ ತೆರೆಯುವ ಮೊದಲೇ ಸೆಂಟ್ರಿಫ್ಯೂಜ್‌ನಲ್ಲಿ ಸ್ವಲ್ಪ ಹೊತ್ತು ತಿರುಗಿಸಿ ಎಲ್ಲವನ್ನೂ ತಳಕ್ಕೆ ಇಳಿಸಬೇಕು. ಬಳಿಕ 100 ಮೈಕ್ರೋಲೀಟರ್ ಸೂಕ್ಷ್ಮಜೀವಿರಹಿತ ನೀರನ್ನು ಗೋಡೆಯ ಗುಂಟ ನಿಧಾನವಾಗಿ ಬಿಟ್ಟು, ಹತ್ತು ಹದಿನೈದು ನಿಮಿಷ ಹಾಗೇ ಇಟ್ಟು, ವಯಲನ್ನು ಮೆಲ್ಲನೆ ಹೊರಳಿಸಿದರೆ ಸಾಕು. ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕಿ ನೊರೆ ಎಬ್ಬಿಸಿದರೆ ಪ್ರೋಟೀನಿನ ರಚನೆಗೇ ಪೆಟ್ಟು.

ಕಡಿಮೆ ಸಾಂದ್ರತೆಯ ಪ್ರೋಟೀನು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಳೆದುಹೋಗುತ್ತದೆ. ಇದನ್ನು ತಡೆಯಲು ಮುಂದಿನ ದುರ್ಬಲೀಕರಣಗಳನ್ನೆಲ್ಲ ಶೇಕಡಾ 0.1ರಷ್ಟು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನು) ಬೆರೆಸಿದ ಬಫರ್ ದ್ರಾವಣದಲ್ಲಿ ಮಾಡುತ್ತೇನೆ. ಒಂದು ಪ್ರಯೋಗಕ್ಕೆ ಬೇಕಾಗುವಷ್ಟೇ ಸಣ್ಣ ಪಾಲುಗಳನ್ನಾಗಿ ಹಂಚಿ, ಜನರೇಟರ್ ಸಂಪರ್ಕವಿರುವ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಇಡುತ್ತೇನೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಂದ. ಲೇಬಲ್ಲಿನ ಮೇಲಿರುವ ಚಟುವಟಿಕೆಯ ಅಂಕಿ ಬೇರೊಬ್ಬರು ಬೇರೊಂದು ಕಡೆ, ತಮ್ಮ ಜೀವಕೋಶಗಳ ಮೇಲೆ ಅಳೆದದ್ದು. ನಮ್ಮ ಕೈಯಲ್ಲಿ ಅದು ಎಷ್ಟಿದೆ ಎಂದು ತಿಳಿಯದೆ ವೀಳ್ಯದೆಲೆಯ ಬಗ್ಗೆ ಒಂದು ಮಾತನ್ನೂ ಆಡಬಾರದೆಂಬುದು ನನ್ನ ದೃಢವಾದ ನಿಲುವು. ಇದಕ್ಕೆ ಇಲಿಯ ಎಲ್929 ಜೀವಕೋಶಗಳನ್ನು 96 ಗುಳಿಗಳ ಪ್ಲೇಟಿನಲ್ಲಿ ಬೆಳೆಸಿ, ಮರುದಿನ ಪ್ರತಿ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಕ್ಟಿನೋಮೈಸಿನ್-ಡಿ ಜೊತೆಗೆ ಟಿಎನ್‌ಎಫ್ ಅನ್ನು ಇಳಿಕೆಯ ಪ್ರಮಾಣಗಳಲ್ಲಿ ಕೊಡುತ್ತೇವೆ. ಟಿಎನ್‌ಎಫ್ ತಾಗಿದ ಜೀವಕೋಶ ಸಾವಿನ ಸಂಕೇತವನ್ನು ಪಡೆಯುವುದರ ಜೊತೆಗೆ ಬದುಕುಳಿಯಲು ಬೇಕಾದ ಪ್ರೋಟೀನುಗಳನ್ನೂ ತಯಾರಿಸಿಕೊಳ್ಳಲು ಹೊರಡುತ್ತದೆ. ಆಕ್ಟಿನೋಮೈಸಿನ್ ಆರ್‌ಎನ್‌ಎ ತಯಾರಿಕೆಯನ್ನು ತಡೆದು ಆ ಎರಡನೆಯ ದಾರಿಯನ್ನು ಮುಚ್ಚುತ್ತದೆ. ಬದುಕಿರುವ ಜೀವಕೋಶಗಳು ನೇರಳೆಯಾಗಿಸುವ ಎಂಟಿಟಿ ಎಂಬ ಹಳದಿ ಬಣ್ಣದ ದ್ರವ್ಯವನ್ನು ಮರುದಿನ ಹಾಕಿದಾಗ, ಹೆಚ್ಚು ಪ್ರಮಾಣ ಸಿಕ್ಕ ಗುಳಿಗಳು ಹಳದಿಯಾಗಿಯೇ ಉಳಿದು, ಅಲ್ಲಿಂದ ಸಾಲುಸಾಲಾಗಿ ನೇರಳೆ ಬಣ್ಣ ಗಾಢವಾಗುತ್ತ ಹೋಗುತ್ತದೆ. ಅರ್ಧದಷ್ಟು ಜೀವಕೋಶಗಳು ಸಾಯುವ ಪ್ರಮಾಣ ಮಿಲಿಲೀಟರಿಗೆ 0.05 ನ್ಯಾನೋಗ್ರಾಂ ಎಂದು ಬಂದರೆ, ಅಷ್ಟನ್ನು ಒಂದು ಯೂನಿಟ್ ಎಂದು ಹಿಡಿದ ಲೆಕ್ಕಕ್ಕೆ ಅದು ಮಿಲಿಗ್ರಾಂಗೆ 2 ಕೋಟಿ ಯೂನಿಟ್.

ಬಣ್ಣವನ್ನು ನಂಬುವ ಮೊದಲು ಇನ್ನೊಂದು ಎಚ್ಚರಿಕೆ ಬೇಕು. ವೀಳ್ಯದೆಲೆಯ ಫೀನಾಲ್ ಸಂಯುಕ್ತಗಳು ಜೀವಕೋಶಗಳಿಲ್ಲದೆಯೂ ಎಂಟಿಟಿಯನ್ನು ತಾವೇ ನೇರಳೆಯಾಗಿಸಬಲ್ಲವು; ಆಗ ಸತ್ತ ಜೀವಕೋಶಗಳು ಬದುಕಿದಂತೆ ತೋರುತ್ತವೆ. ಜೀವಕೋಶಗಳಿಲ್ಲದ ಗುಳಿಗಳಿಗೆ ಸಾರವನ್ನು ಮಾತ್ರ ಹಾಕಿ ನೋಡುವುದನ್ನು ಇದೇ ಕಾರಣಕ್ಕೆ ನಾನು ಎಂದೂ ಬಿಡುವುದಿಲ್ಲ.

ಎಂಡೋಟಾಕ್ಸಿನ್ ಇದಕ್ಕಿಂತ ಗಂಭೀರವಾದ ವಿಷಯ. ಪ್ರೋಟೀನು ಇ. ಕೊಲೈಯಿಂದ ಬಂದದ್ದಾದ್ದರಿಂದ ಆ ಬ್ಯಾಕ್ಟೀರಿಯಾದ ಹೊರಪೊರೆಯ ಎಲ್‌ಪಿಎಸ್ (ಲಿಪೋಪಾಲಿಸ್ಯಾಕರೈಡ್; ಎಂಡೋಟಾಕ್ಸಿನ್ ಎಂದರೆ ಇದೇ) ಅಲ್ಪಸ್ವಲ್ಪ ಉಳಿದಿರಬಹುದು, ಮತ್ತು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಜೀವಕೋಶಗಳಿಗೆ ಅದು ತಾಗಿದರೆ ಅವು ಸ್ವತಃ ಟಿಎನ್‌ಎಫ್ ಸುರಿಸತೊಡಗುತ್ತವೆ. ಅಂಥ ಪ್ರಯೋಗಗಳಲ್ಲಿ ಪ್ರೋಟೀನಿನ ಒಂದು ಪಾಲನ್ನು ಕುದಿಸಿ, ಅದನ್ನೂ ಪಕ್ಕದಲ್ಲೇ ಪರೀಕ್ಷಿಸುತ್ತೇನೆ. ಕುದಿಸಿದರೆ ಟಿಎನ್‌ಎಫ್ ಕೆಡುತ್ತದೆ, ಎಲ್‌ಪಿಎಸ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಕುದಿಸಿದ ಪಾಲಿಗೂ ಜೀವಕೋಶಗಳು ಸ್ಪಂದಿಸಿದರೆ ನಾವು ನೋಡುತ್ತಿರುವುದು ಟಿಎನ್‌ಎಫ್‌ನ ಪರಿಣಾಮವನ್ನಲ್ಲ. ಇನ್ನೊಂದು ಸಾಲಿನಲ್ಲಿ ಎಲ್‌ಪಿಎಸ್ ಅನ್ನು ಹಿಡಿದಿಡುವ ಪಾಲಿಮಿಕ್ಸಿನ್-ಬಿ ಸೇರಿಸಿದರೆ ಉತ್ತರ ಇನ್ನಷ್ಟು ಖಚಿತವಾಗುತ್ತದೆ.

ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗ ಹಳೆಯ ಲಾಟಿನ ಒಂದು ಪಾಲನ್ನು ಫ್ರೀಜರ್‌ನಿಂದ ತೆಗೆದು ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಳೆಯುತ್ತೇನೆ. ಅರ್ಧ ಸಾವಿನ ಪ್ರಮಾಣ ಬೇರೆಯಾಗಿ ಬಂದರೆ, ಮುಂದಿನ ಪ್ರಯೋಗಗಳಿಗೆ ನ್ಯಾನೋಗ್ರಾಂ ಲೆಕ್ಕವನ್ನು ಬಿಟ್ಟು ಯೂನಿಟ್ ಲೆಕ್ಕದಲ್ಲೇ ಟಿಎನ್‌ಎಫ್ ಕೊಡುತ್ತೇನೆ, ಲಾಟ್ ಸಂಖ್ಯೆಯನ್ನು ನೋಟ್‌ಬುಕ್ಕಿನ ಆ ಪುಟದಲ್ಲೇ ಬರೆಯಿಸುತ್ತೇನೆ.