ಎಚ್‌ಎಲ್‌ಎ ರಿಪೋರ್ಟನ್ನು ಮನೆಯಲ್ಲೇ ಕೂತು ಓದುವುದು ಹೇಗೆ

ತಂಗಿಗೆ ಅಪ್ಲಾಸ್ಟಿಕ್ ಅನೀಮಿಯಾ (ಮೂಳೆಯೊಳಗಿನ ಮ್ಯಾರೋ, ಅಂದರೆ ಮಜ್ಜೆ, ಸಾಕಷ್ಟು ರಕ್ತ ಮಾಡದ ಕಾಯಿಲೆ) ಅಂತ ಗೊತ್ತಾದ ಮೇಲೆ ಕುಮಟಾದಿಂದ ಮಣಿಪಾಲಕ್ಕೆ ನಾವು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಬೋನ್ ಮ್ಯಾರೋ ಕಸಿ ಮಾಡಬೇಕು, ಮನೆಯವರೆಲ್ಲ ಎಚ್‌ಎಲ್‌ಎ ಟೆಸ್ಟ್ ಮಾಡಿಸಿ ಅಂದರು. ಎಚ್‌ಎಲ್‌ಎ ಅಂದರೆ ತನ್ನದು ಯಾವುದು, ಹೊರಗಿನದು ಯಾವುದು ಅಂತ ದೇಹ ಗುರುತಿಸಲು ಜೀವಕೋಶಗಳ ಮೇಲಿರುವ ಪ್ರೋಟೀನ್ ಗುರುತು. ಕೊಡುವವರದ್ದೂ ರೋಗಿಯದ್ದೂ ಎಷ್ಟು ಹೊಂದುತ್ತದೆ ಅಂತ ಟೆಸ್ಟಿನಲ್ಲಿ ನೋಡುತ್ತಾರೆ. ರಿಪೋರ್ಟ್ ಬಂದ ದಿನ ಅಪ್ಪ ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಅರ್ಧ ದಿನ ಕೂತಿದ್ದರು. ಬರೀ ನಂಬರು, ಚುಕ್ಕಿ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ತೀರ್ಮಾನ ಡಾಕ್ಟರದ್ದೇ. ಆದರೆ ಓದಲು ಬಂದರೆ ಅವರ ಹತ್ತಿರ ಏನು ಕೇಳಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ಮೊದಲು ಬ್ಲಡ್ ಗ್ರೂಪ್ ತಲೆಯಿಂದ ತೆಗೆಯಿರಿ. ಅದರ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ, ಎಚ್‌ಎಲ್‌ಎ ಜೀನುಗಳು ಇರುವುದು 6ನೆಯದರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲ. ಬ್ಲಡ್ ಗ್ರೂಪ್ ಬೇರೆ ಇದ್ದರೂ ಮ್ಯಾರೋ ಕೊಡಬಹುದು, ಆಮೇಲೆ ರೋಗಿಯ ಗ್ರೂಪೇ ನಿಧಾನಕ್ಕೆ ಕೊಟ್ಟವರ ಗ್ರೂಪಿಗೆ ಬದಲಾಗುತ್ತದೆ. ಕಿಡ್ನಿ ವಿಷಯ ಬೇರೆ, ಅಲ್ಲಿ ಬ್ಲಡ್ ಗ್ರೂಪನ್ನೂ ಮೊದಲೇ ನೋಡುತ್ತಾರೆ.

ಈಗ ನಂಬರು. ಎ*33:03 ಅಂತ ಇದೆ ಅಂದುಕೊಳ್ಳಿ. ಎ ಅಂದರೆ ಜೀನಿನ ಹೆಸರು. 33 ಅಂದರೆ ಅದರ ಗುಂಪು. 03 ಅಂದರೆ ಆ ಗುಂಪಿನಲ್ಲಿ ಯಾವ ಪ್ರೋಟೀನ್ ಅಂತ. ಮುಂದೆ ಇನ್ನೂ ಎರಡು ನಂಬರು ಬಾಲದ ಹಾಗೆ ಇದ್ದರೆ ಹೆದರಬೇಡಿ, ಅವು ಪ್ರೋಟೀನನ್ನು ಬದಲಿಸದ ಸಣ್ಣ ವ್ಯತ್ಯಾಸಗಳು. ಆದರೆ ಬರೀ ಎ*33 ಅಂತ ನಿಂತಿದ್ದರೆ ಅದು ಪೂರ್ತಿ ಟೆಸ್ಟ್ ಅಲ್ಲ. ಮನೆಯ ಹೊರಗಿನ ದಾನಿಯನ್ನು ಹುಡುಕಲು ಅಷ್ಟು ಸಾಲುವುದಿಲ್ಲ, ಎರಡನೇ ನಂಬರೂ ಇರುವ ಹೈ ರೆಸಲ್ಯೂಶನ್ ರಿಪೋರ್ಟ್ ಕೇಳಿ.

ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1, ಈ ಐದು ಜೀನು ಸಾಮಾನ್ಯವಾಗಿ ನೋಡುತ್ತಾರೆ. ಒಂದೊಂದಕ್ಕೂ ಎರಡು ನಂಬರು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಹತ್ತಕ್ಕೆ ಹತ್ತು ಅನ್ನುವ ಮಾತು ಬಂದಿದ್ದು ಅಲ್ಲಿಂದ.

ಇನ್ನು ಮುಖ್ಯವಾದದ್ದು. ಈ ಜೀನುಗಳು ಒಂದರ ಪಕ್ಕ ಒಂದು ಕೂತಿರುವುದರಿಂದ ಬಿಡಿಬಿಡಿಯಾಗಿ ಬರುವುದಿಲ್ಲ, ಅಬ್ಬಲಿಗೆ ದಂಡೆಯ ಹಾಗೆ ಒಟ್ಟಿಗೆ ಬರುತ್ತವೆ. ಅಪ್ಪನ ಹತ್ತಿರ ಎರಡು ದಂಡೆ, ಅಮ್ಮನ ಹತ್ತಿರ ಎರಡು. ಪ್ರತಿ ಮಗುವಿಗೆ ಇಬ್ಬರೂ ಒಂದೊಂದು ಕೊಡುತ್ತಾರೆ. (ದಂಡೆ ಮಧ್ಯದಲ್ಲಿ ತುಂಡಾಗಿ ಅದಲುಬದಲಾಗುವುದೂ ಇದೆ, ಆದರೆ ಅಪರೂಪ.) ತೊಂದರೆ ಏನೆಂದರೆ ಯಾವ ಹೂವು ಯಾವ ದಂಡೆಯದ್ದು ಅಂತ ರಿಪೋರ್ಟಿನಲ್ಲಿ ಬರೆದಿರುವುದಿಲ್ಲ. ಅದನ್ನು ನೀವು ಪೋಣಿಸಬೇಕು. ಅದಕ್ಕೇ ಅಪ್ಪ ಅಮ್ಮನ ರಿಪೋರ್ಟೂ ಬೇಕು.

ಒಂದು ಹಾಳೆ, ದಂಡೆಗೊಂದರಂತೆ ನಾಲ್ಕು ಬಣ್ಣದ ಪೆನ್ನು ತಗೊಳ್ಳಿ. ಮಗುವಿನ ಎ ಸಾಲಿನ ಎರಡು ನಂಬರಲ್ಲಿ ಅಪ್ಪನ ಹತ್ತಿರ ಯಾವುದಿದೆ ನೋಡಿ, ಅದಕ್ಕೆ ಕೆಂಪು ಹಾಕಿ. ಬಿ ಸಾಲಿನಲ್ಲೂ, ಡಿಆರ್ (ಡಿಆರ್‌ಬಿ1) ಸಾಲಿನಲ್ಲೂ ಹಾಗೇ. ಕೆಂಪು ಸೇರಿದರೆ ಅಪ್ಪನ ಒಂದು ದಂಡೆ ಸಿಕ್ಕಿತು, ಉಳಿದದ್ದು ಅಮ್ಮನದ್ದು. ನಮ್ಮ ಮನೆಯದ್ದು ನಂಬರು ಬದಲಿಸಿ ಹೇಳುತ್ತೇನೆ. ತಂಗಿಗೆ ಅಪ್ಪನಿಂದ ಎ*33:03, ಬಿ*44:03, ಡಿಆರ್‌ಬಿ1*07:01. ಅಮ್ಮನಿಂದ ಎ*01:01, ಬಿ*57:01, ಡಿಆರ್‌ಬಿ1*07:01. ಡಿಆರ್ ಎರಡೂ ಕಡೆಯಿಂದ ಒಂದೇ ಬಂದಿದೆ ನೋಡಿ, ಹಾಗಾಗಿ ರಿಪೋರ್ಟಿನಲ್ಲಿ ಒಂದು ನಂಬರು ಬರೆದು ಪಕ್ಕದಲ್ಲಿ ಅಡ್ಡಗೆರೆ ಎಳೆದಿದ್ದರು. ಟೆಸ್ಟ್ ಕೆಟ್ಟಿದೆ ಅಂತ ಅಮ್ಮ ಅತ್ತೇಬಿಟ್ಟರು. ಕೆಟ್ಟಿರಲಿಲ್ಲ. ಎರಡೂ ಒಂದೇ ಅಂತ ಅರ್ಥ, ಅಷ್ಟೇ.

ಹಾಳೆಯಲ್ಲಿ ನನ್ನದನ್ನೂ ಪೋಣಿಸಿದೆ. ನನಗೆ ಬಂದದ್ದು ತಂಗಿಗೆ ಬರದ ಎರಡು ದಂಡೆ. ಒಂದೂ ಹೊಂದಲಿಲ್ಲ. ತಮ್ಮನದ್ದು ಅರ್ಧ. ಅಣ್ಣನದ್ದು ಪೂರ್ತಿ. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂವರಿದ್ದರೆ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು 58 ಪರ್ಸೆಂಟ್. ಹೊಂದದೇ ಇದ್ದವರ ತಪ್ಪೇನೂ ಇಲ್ಲ, ಇದನ್ನು ಮನೆಯಲ್ಲಿ ಗಟ್ಟಿಯಾಗಿಯೇ ಹೇಳಿ. ನನಗೆ ಹೇಳುವವರು ಬೇಕಿತ್ತು.

ಕಸಿಗೆ ಮುಂಚೆ ಒಂದು ವಿಷಯ ತಪ್ಪಿಸಬೇಡಿ. ತಂಗಿಗೆ ರಕ್ತ ಬೇಕು ಅಂದ ಕೂಡಲೇ ನಾವೇ ಕೊಡುತ್ತೇವೆ ಅಂತ ಮನೆಯವರು ಓಡಬಾರದು. ನಿಮ್ಮ ಎಚ್‌ಎಲ್‌ಎ ವಿರುದ್ಧ ರೋಗಿಯ ಮೈಯಲ್ಲಿ ಆಂಟಿಬಾಡಿ (ಹೊರಗಿನದರ ಮೇಲೆ ಹೋರಾಡುವ ಪ್ರೋಟೀನ್) ಹುಟ್ಟಿದರೆ ಆಮೇಲೆ ನಿಮ್ಮ ಮ್ಯಾರೋ ನಿಲ್ಲುವುದು ಕಷ್ಟ. ಈ ಜೀನುಗಳ ಸುಳಿವು ಸಿಕ್ಕಿದ್ದೂ ಇಂಥದ್ದರಿಂದಲೇ. ಫ್ರಾನ್ಸಿನ ಜಾನ್ ದೊಸೆ, ಎಷ್ಟೋ ಸಲ ರಕ್ತ ಹಾಕಿಸಿಕೊಂಡವರ ಸೀರಮ್ಮು (ರಕ್ತದ ತಿಳಿ ನೀರು) ಬೇರೆಯವರ ಬಿಳಿ ರಕ್ತಕಣಗಳನ್ನು ಅಂಟಿಸಿಬಿಡುವುದನ್ನು ನೋಡಿ 1958ರಲ್ಲಿ ಮೊದಲ ಎಚ್‌ಎಲ್‌ಎ ಗುರುತನ್ನು ಪತ್ತೆ ಮಾಡಿದರು. 1980ರಲ್ಲಿ ನೊಬೆಲ್ ಬಂತು.

ಒಡಹುಟ್ಟಿದವರು ಯಾರೂ ಹೊಂದಲಿಲ್ಲವಾ? ಅಪ್ಪ ಅಮ್ಮ ಹೇಗೂ ಅರ್ಧ ಹೊಂದುತ್ತಾರೆ, ಅರ್ಧ ಹೊಂದಿಕೆಯ ಕಸಿ ಈಗ ನಮ್ಮ ದೇಶದಲ್ಲೂ ಮಾಡುತ್ತಾರೆ, ಕೇಳಿ. ಅಪ್ಪ ಅಮ್ಮ ಸೋದರಿಕೆಯಲ್ಲೇ ಮದುವೆಯಾದವರಾದರೆ ಅತ್ತೆ, ಮಾವ, ಚಿಕ್ಕಪ್ಪನ ಮಕ್ಕಳನ್ನೂ ಟೆಸ್ಟ್ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಒಂದೇ ದಂಡೆ ಎರಡೂ ಕಡೆ ಇರುವ ಸಾಧ್ಯತೆ ಅಲ್ಲಿ ಜಾಸ್ತಿ.

ಅದೂ ಆಗದಿದ್ದರೆ ರಿಜಿಸ್ಟ್ರಿ, ಅಂದರೆ ಕೊಡಲು ಒಪ್ಪಿ ಹೆಸರು ಬರೆಸಿದವರ ಪಟ್ಟಿ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈಯ ದಾತ್ರಿ, ಇಂಥವುಗಳಲ್ಲಿ ಹುಡುಕುತ್ತಾರೆ. ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಾತು ಬರುತ್ತದೆ. ಎಲ್ಲ ಎಚ್‌ಎಲ್‌ಎ ಜೀನುಗಳನ್ನು ಸೇರಿಸಿದರೆ ಇಲ್ಲಿಯವರೆಗೆ ಗುರುತಿಸಿದ ರೂಪಗಳೇ 40 ಸಾವಿರಕ್ಕೂ ಹೆಚ್ಚು ಇವೆ. ಅಪರಿಚಿತರಲ್ಲಿ ಹೊಂದುವವರು ಸಿಗುವುದು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ. ಯಲ್ಲಾಪುರ, ಹಳಿಯಾಳದ ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಅಂಕೋಲಾ, ಕುಮಟಾದ ಹಾಲಕ್ಕಿಯವರು ತಮ್ಮೊಳಗೇ ಸಂಬಂಧ ಬೆಳೆಸುತ್ತ ಬಂದವರು. ಭಟ್ಕಳದ ನವಾಯತರೂ, ಶಿರಸಿ ಕಡೆಯ ಹವ್ಯಕರೂ ಹಾಗೇ. ಆ ಊರುಗಳ ಮಗುವಿಗೆ ಬೇಕಾದ ದಂಡೆ ಮುಂಬೈಯವರ ಹತ್ತಿರ ಇರದೇ ಇರಬಹುದು, ಪಕ್ಕದ ಕೇರಿಯವರ ಹತ್ತಿರ ಇರಬಹುದು. ಅವರು ಹೆಸರು ಬರೆಸಿದ್ದರೆ ತಾನೇ ಸಿಗುವುದು?

ಬರೆಸುವುದು ಸುಲಭ. 18 ತುಂಬಿದ ಆರೋಗ್ಯವಂತರು ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಗೆ ಉಜ್ಜಿ ಕೊಟ್ಟರೆ ಆಯಿತು. ಮುಂದೆ ಯಾರಿಗಾದರೂ ಹೊಂದಿದರೆ ಹೆಚ್ಚಿನ ಸಲ ಐದು ದಿನ ಇಂಜೆಕ್ಷನ್ ಕೊಟ್ಟು, ಪ್ಲೇಟ್‌ಲೆಟ್ ಕೊಡುವ ಹಾಗೆ ಮಷೀನಿನಲ್ಲಿ ರಕ್ತದಿಂದ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ತೆಗೆಯುತ್ತಾರೆ. ಬೆನ್ನುಮೂಳೆಗೆ ಯಾರೂ ಕೈ ಹಾಕುವುದಿಲ್ಲ. ಮನೆಯಲ್ಲಿ ಮೊದಲೇ ಮಾತಾಡಿ ಒಪ್ಪಿಸಿಕೊಂಡು ಬರೆಸಿ, ಯಾಕೆಂದರೆ ಕಸಿಗೆಂದು ರೋಗಿಯ ಸ್ವಂತ ಮ್ಯಾರೋವನ್ನು ಔಷಧಿಯಿಂದ ಅಳಿಸಿ ತಯಾರು ಮಾಡಿದ ಮೇಲೆ ಬೇಡ ಅಂದರೆ ಅವರ ಜೀವಕ್ಕೇ ಅಪಾಯ. ಸಿಮ್ ಬದಲಿಸಿದರೆ ಹೊಸ ನಂಬರನ್ನು ರಿಜಿಸ್ಟ್ರಿಗೆ ಅವತ್ತೇ ತಿಳಿಸಿ.